ಎಲ್ಲದಕ್ಕೂ ಹಿಮಾಲಯವೇ ಹೊಣೆ

ದೆಹಲಿಯ ಜನಕಪುರಿಯಲ್ಲಿರುವ ನನ್ನ ಷಡ್ಡಕರ ಮನೆಯಲ್ಲಿ ನಲ್ಲಿ ಸೋರಿದರೂ ಅದಕ್ಕೆ ಹಿಮಾಲಯವೇ ಹೊಣೆ! ಪ್ಲಂಬರ್‌ನನ್ನು ಕರೆಸಿ ಎಂದರೆ ಕನ್ನಡಕ ಒರೆಸಿಕೊಳ್ಳುತ್ತಾ, "ಈ ಬಯಲಿನ ನೀರಲ್ಲಿ ಇಷ್ಟೊಂದು ಸುಣ್ಣ ಎಲ್ಲಿಂದ ಬಂತು, ಯೋಚನೆ ಮಾಡಿದ್ದೀಯೇನಪ್ಪಾ?" ಎಂದು ಶುರು ಮಾಡುತ್ತಾರೆ. ನಾನೇಕೆ ಯೋಚಿಸಲಿ? ಸೋರುತ್ತಿರುವುದು ಅವರ ನಲ್ಲಿ!

ಇವರು ನನ್ನ ಹೆಂಡತಿಯ ಅಕ್ಕನ ಗಂಡ. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಪೆನ್ಶನ್ ಕಡತಗಳನ್ನು ನೋಡುವ ಅಧಿಕಾರಿ. ಭೂಗೋಳಕ್ಕೂ ಇವರಿಗೂ ಇರುವ ನಂಟೆಂದರೆ ಭೂಮಿಯ ಮೇಲೆ ನಿಂತಿರುವುದು, ಅಷ್ಟೇ. ಆದರೂ ಇವರದ್ದೊಂದು ಸಿದ್ಧಾಂತ: ಬೆಟ್ಟ ಎಲ್ಲಿದೆ, ಗಾಳಿ ಎತ್ತ ಬೀಸುತ್ತದೆ, ಪರದೇಶದ ಹಡಗು ಮೊದಲು ಯಾವ ದಂಡೆಗೆ ಬಂತು, ಇಷ್ಟು ಗೊತ್ತಾದರೆ ಒಂದು ದೇಶದ ಹಣೆಬರಹವೆಲ್ಲ ಗೊತ್ತಾದಂತೆ!

ಒಮ್ಮೆ ತರಕಾರಿ ಗಾಡಿಯ ಮುಂದೆ ಆಲೂಗಡ್ಡೆ ಎತ್ತಿ ಹಿಡಿದು, "ಭಯ್ಯಾ, ಇದು ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು, ಗೊತ್ತಾ?" ಎಂದು ತಮ್ಮ ಹಿಂದಿಯಲ್ಲಿ ಕೇಳಿದರು. ಅವನು ಗಾಬರಿಯಾಗಿ, "ನಹೀ ಅಂಕಲ್‌ಜೀ, ಆಗ್ರಾ ಸೇ ಆಯಾ ಹೈ. ಟ್ರಕ್ ಮೇ!" ಎಂದ. ಇಷ್ಟು ಸರಳವಾಗಿ ಇವರ ಬಾಯಿ ಮುಚ್ಚಿಸಬಹುದೆಂದು ನನಗೆ ಹದಿನೆಂಟು ವರ್ಷದಿಂದ ಹೊಳೆದಿರಲೇ ಇಲ್ಲ.

ಜೂನ್ ತಿಂಗಳ ಬಿಸಿಗಾಳಿಯಲ್ಲಿ ಅವರ ಎಸಿ ಕೆಟ್ಟಿತು. ರಾಜಸ್ಥಾನದ ಮರಳನ್ನು ಅರಾವಳಿ ಬೆಟ್ಟ ಸರಿಯಾಗಿ ತಡೆಯುತ್ತಿಲ್ಲ ಎಂದು ವಿವರಿಸುತ್ತಾ ಕೂತರು. ಬೆವರು ಒರೆಸಿಕೊಳ್ಳುತ್ತಿದ್ದ ಅಕ್ಕ ಒಳಗಿನಿಂದಲೇ ಹೇಳಿದರು: "ಅರಾವಳಿ ರಿಪೇರಿ ಆಗೋವರೆಗೆ ಎಸಿಯವನನ್ನಾದ್ರೂ ಕರೆಸ್ರೀ!"

ಇಂಥವರ ಕೈಗೆ ಹತ್ತನೇ ತರಗತಿಯ ಮಗಳನ್ನು ಪಾಠಕ್ಕೆ ಒಪ್ಪಿಸಿದ ನನ್ನ ಬುದ್ಧಿಗೆ ಏನೆನ್ನೋಣ! ಸಮಾಜ ವಿಜ್ಞಾನದಲ್ಲಿ ಅವಳು ಹಿಂದೆ. ಪೀತಮ್‌ಪುರದ ನಮ್ಮ ಮನೆಯಿಂದ ಮೂರು ಭಾನುವಾರ ಕರೆದುಕೊಂಡು ಹೋದೆ. ಮೂರನೆಯ ವಾರ, "ಎಷ್ಟು ಪಾಠ ಆಯ್ತು?" ಎಂದು ಕೇಳಿದೆ.

"ಪಪ್ಪಾ, ದೊಡ್ಡಪ್ಪ ಅಭೀ ತಕ್ ಸೂರತ್ ಬಂದರಿನಲ್ಲೇ ಇದ್ದಾರೆ. ಇಂಗ್ಲಿಷರು ಹಡಗಿನಿಂದ ಇಳಿದೇ ಇಲ್ಲ!"

ಪರೀಕ್ಷೆಗೆ ಹತ್ತೇ ದಿನ ಇತ್ತು. ಇಂಗ್ಲಿಷರನ್ನು ಹಡಗಿನಲ್ಲೇ ಬಿಟ್ಟು ಮಗಳನ್ನು ಟ್ಯೂಷನ್‌ಗೆ ಸೇರಿಸಿದೆ. ಅವಳು ಹೇಗೋ ಪಾಸಾದಳು. "ನೋಡಿದೆಯಾ, ಬುನಾದಿ ನಂದು" ಎಂದರು ಭಾವ. ನಾಚಿಕೆ ಎನ್ನುವುದೂ ಹವಾಮಾನಕ್ಕೆ ತಕ್ಕಂತೆ ಬೆಳೆಯುವ ಬೆಳೆಯೇನೋ!

ಕಳೆದ ನವೆಂಬರ್‌ನಲ್ಲಿ ಹೊಗೆ ಇಳಿಯಿತು. ಎದುರಿನ ಬ್ಲಾಕ್ ಕಾಣದಷ್ಟು ಹೊಗೆ. ಅಕ್ಕನಿಗೆ ಉಸಿರು ಕಟ್ಟಿ, ಆಸ್ಪತ್ರೆಗೆ ಸೇರಿಸಿದರು. ನಾನು ಹೋದಾಗ ಭಾವ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು, ಮಾತಿಲ್ಲ. ಚಳಿಗಾಲದಲ್ಲಿ ಇವರನ್ನು ದೆಹಲಿಯಲ್ಲಿ ಇಟ್ಟುಕೊಳ್ಳಬೇಡಿ ಎಂದು ಡಾಕ್ಟರ್ ಹೇಳಿ ಹೋದರು. ಅದಕ್ಕೂ ತಲೆಯಾಡಿಸಿದರಷ್ಟೇ. ಆ ಮೌನ ನನಗೆ ತಡೆಯಲಾಗಲಿಲ್ಲ. ಇಷ್ಟು ವರ್ಷ ಯಾವುದನ್ನು ಕಂಡರೆ ತಪ್ಪಿಸಿಕೊಂಡು ಓಡುತ್ತಿದ್ದೆನೋ ಅದನ್ನೇ ಬೇಡಿಕೊಂಡೆ:

"ಭಾವ, ಈ ಹೊಗೆ ಯಾಕೆ ಇಲ್ಲೇ ಕೂತುಬಿಡುತ್ತೆ? ಸ್ವಲ್ಪ ಹೇಳಿ."

ಅವರು ತಲೆಯೆತ್ತಲಿಲ್ಲ. "ಅದು ಹಾಳಾಗಿಹೋಗ್ಲಿ. ಅವಳು ಉಸಿರಾಡೋದನ್ನ ನೋಡಪ್ಪಾ. ಮೊದಲಿಗಿಂತ ಸರಾಗ ಆಗಿದೆ, ಅಲ್ವಾ?"

ರಾಜಧಾನಿ ಬಿಟ್ಟರೆ ದೇಶ ಅರ್ಥವಾಗುವುದಿಲ್ಲ ಎಂದು ಎರಡು ಸಲ ವರ್ಗಾವಣೆ ಬೇಡವೆಂದಿದ್ದ ಮನುಷ್ಯ, ಅಕ್ಕ ಮನೆಗೆ ಬಂದ ವಾರವೇ ತಾವಾಗಿ ಅರ್ಜಿ ಕೊಟ್ಟರು. ಜನವರಿ ಮುಗಿಯುವುದರೊಳಗೆ ಮೈಸೂರಿನ ಪುಟ್ಟ ಕಚೇರಿಯೊಂದಕ್ಕೆ, ಇಲ್ಲಿಗಿಂತ ಚಿಕ್ಕ ಕುರ್ಚಿಗೆ, ಹೊರಟುಹೋದರು.

ಮೊನ್ನೆ ಭಾನುವಾರ ಫೋನ್ ಮಾಡಿದೆ. ದಖ್ಖನ್ ಪ್ರಸ್ಥಭೂಮಿಯ ಬಗ್ಗೆ ಒಂದು ಗಂಟೆಯಾದರೂ ಕೇಳಬೇಕಾದೀತೆಂದು ಕುರ್ಚಿ ಎಳೆದುಕೊಂಡೇ ಕೂತಿದ್ದೆ. ಅವರು ಒಂದೇ ಮಾತು ಹೇಳಿದರು:

"ಇವತ್ತು ಅವಳು ಮೂರು ಮಹಡಿ ಹತ್ತಿದಳಪ್ಪಾ. ಎಲ್ಲೂ ನಿಲ್ಲಲಿಲ್ಲ."