ಭಾವನ ವಿಜ್ಞಾನ, ಅತ್ತೆಯ ಬಲಗಣ್ಣು

ನಮ್ಮ ಭಾವ ಭದ್ರಾವತಿಯಿಂದ ಬೆಳಗಿನ ಬಸ್ಸಿಗೆ ಹೊರಟಿದ್ದು, ಅವರ ಕೈಯಲ್ಲಿ ದಿನಪತ್ರಿಕೆ ಇದೆಯೆಂದು ತಿಳಿದುಬಂದಿದೆ. ಶಿವಮೊಗ್ಗದ ಆಲ್ಕೊಳದಲ್ಲಿರುವ ನಮ್ಮ ಮನೆಯಲ್ಲಿ ಕಟ್ಟೆಚ್ಚರ ವಹಿಸಲಾಗಿದೆ. ಕೆಳಗಿನ ಕಪಾಟಿನಲ್ಲಿದ್ದ ಎಣ್ಣೆ, ಸಕ್ಕರೆ ಹಾಗೂ ಉಪ್ಪಿನಕಾಯಿ ಭರಣಿಗಳನ್ನು ಸುರಕ್ಷಿತ ಸ್ಥಳಕ್ಕೆ ಸಾಗಿಸಲಾಗಿದ್ದು, ಸದ್ಯಕ್ಕೆ ಆತಂಕಪಡುವ ಅಗತ್ಯವಿಲ್ಲ ಎಂದು ನನ್ನ ಹೆಂಡತಿ ಸ್ಪಷ್ಟಪಡಿಸಿದ್ದಾಳೆ.

ಗಾಜನೂರಿನ ಅಣೆಕಟ್ಟೆಯಲ್ಲಿ ಗೇಟು ತೆಗೆಯುವ ಮೊದಲು ತುಂಗೆಯ ದಡದವರಿಗೆ ಸೂಚನೆ ಕೊಡುತ್ತಾರೆ. ಭಾವನ ವಿಷಯದಲ್ಲಿ ಆ ಕೆಲಸವನ್ನು ಅವರ ಹೆಂಡತಿಯೇ ವಹಿಸಿಕೊಂಡಿದ್ದಾರೆ. ಫೋನ್ ಮಾಡಿ "ಹೊರಟ್ರು" ಎನ್ನುತ್ತಾರೆ, ಇಟ್ಟುಬಿಡುತ್ತಾರೆ. ಇಂಥದ್ದು ನಮ್ಮಲ್ಲಿ ಆಗಾಗ ನಡೆಯುತ್ತಲೇ ಇರುತ್ತದೆ.

ಭಾವ ಎಂದರೆ ನನ್ನ ಹೆಂಡತಿಯ ಅಣ್ಣ. ಭದ್ರಾವತಿಯ ಕಾರ್ಖಾನೆಯೊಂದರ ಟೈಮ್ ಆಫೀಸಿನಲ್ಲಿದ್ದು ನಿವೃತ್ತರಾದವರು. ಯಾರು ಎಷ್ಟು ಗಂಟೆಗೆ ಬಂದರು, ಎಷ್ಟು ಗಂಟೆಗೆ ಹೋದರು ಎಂದು ಜೀವಮಾನವಿಡೀ ಬರೆದವರಿಗೆ ನಿವೃತ್ತಿಯ ನಂತರ ವಿಶ್ವದ ಬಗ್ಗೆ ಕುತೂಹಲ ಹುಟ್ಟಿತು. ಪತ್ರಿಕೆಯ ವಿಜ್ಞಾನ ಸುದ್ದಿಗಳನ್ನು ಒಂದೂ ಬಿಡದೆ ಓದುತ್ತಾರೆ. ಓದಿದ್ದನ್ನು ತಮ್ಮಲ್ಲೇ ಇಟ್ಟುಕೊಳ್ಳುವ ಸ್ವಾರ್ಥ ಅವರಿಗಿಲ್ಲ.

ಅವರ ತಾಯಿ, ಅಂದರೆ ನಮ್ಮ ಅತ್ತೆ, ಇರುವುದು ನಮ್ಮ ಮನೆಯಲ್ಲಿ. ಭದ್ರಾವತಿಯ ನೀರು ಒಗ್ಗುವುದಿಲ್ಲ ಎನ್ನುವುದು ಅತ್ತೆಯ ಹೇಳಿಕೆ. ಒಗ್ಗದಿರುವುದು ಪತ್ರಿಕೆ ಎನ್ನುವುದು ನನ್ನ ಅಂದಾಜು. ಅವರ ಎಡಗಣ್ಣು ಎಂದೋ ಮಂದವಾಗಿತ್ತು; ಬಲಗಣ್ಣಿನ ಪೊರೆ ಬಲಿತಿದೆ, ಆಪರೇಷನ್ ತಡ ಮಾಡಬೇಡಿ ಎಂದು ಡಾಕ್ಟರು ಹೇಳಿ ಬಹಳ ದಿನವಾಗಿತ್ತು. ಅತ್ತೆ ಒಪ್ಪುತ್ತಿರಲಿಲ್ಲ. "ಇಷ್ಟು ವರ್ಷ ನೋಡಿದ್ದು ಸಾಲ್ದಾ? ಇನ್ನೇನು ಉಳಿದಿದೆ ನೋಡೋಕೆ?"

ಅಮ್ಮನಿಗೆ ವಿಜ್ಞಾನದ ಮೇಲೆ ನಂಬಿಕೆ ಬರಬೇಕು, ಆಮೇಲೆ ಕಣ್ಣು ತಾನಾಗಿ ದಾರಿಗೆ ಬರುತ್ತದೆ ಎಂದು ಭಾವ ತೀರ್ಮಾನಿಸಿದರು. ಅತ್ತೆಯೂ ಬಾಗಿಲು ಪೂರ್ತಿ ಮುಚ್ಚಲಿಲ್ಲ. "ನಿನ್ನ ಸೈನ್ಸು ಒಂದೇ ಒಂದು ಸಲ ನನ್ನೆದುರಿಗೆ ನಿಜ ಆಗ್ಲಿ ಕಣೋ, ಬರ್ತೀನಿ ಆಸ್ಪತ್ರೆಗೆ" ಎಂದರು.

ಭಾವನ ಓಡಾಟ ಹೆಚ್ಚಾದದ್ದು ಆಗಿನಿಂದ.

ಒಂಟಿ ಕಾಲು

ಒಂಟಿ ಕಾಲಿನಲ್ಲಿ ನಿಲ್ಲಬಲ್ಲವರು ಹೆಚ್ಚು ಕಾಲ ಬದುಕುತ್ತಾರೆ ಎಂದು ಒಂದು ದಿನ ಪತ್ರಿಕೆಯಲ್ಲಿ ಬಂತು. ಭಾವ ಬಸ್ಸಿನಲ್ಲೇ ಅಭ್ಯಾಸ ಆರಂಭಿಸಿದರು. ಅರ್ಧ ಬಸ್ಸು ಖಾಲಿ. ಇವರು ಮಾತ್ರ ಮೇಲಿನ ಕಂಬಿ ಹಿಡಿದು, ಎಡಗಾಲು ಮಡಚಿ ನಿಂತಿದ್ದಾರೆ. ಕಂಡಕ್ಟರ್ ಎರಡು ಸಲ ನೋಡಿದ. ಮೂರನೆಯ ಸಲ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಹರಕೆನಾ ಸರ್?" ಎಂದು ಕೇಳಿದ.

ಈ ಅವಮಾನವನ್ನು ನುಂಗಿಕೊಂಡು ಭಾವ ನಮ್ಮ ಮನೆಗೆ ಬಂದರು. ಹಾಲಿನ ನಡುವೆ ಅತ್ತೆಯ ಎದುರು ಒಂಟಿ ಕಾಲಿನಲ್ಲಿ ನಿಂತು ಆಯಸ್ಸಿನ ವಿಚಾರವನ್ನು ವಿವರಿಸಿದರು. ಅತ್ತೆ ಅವರೆಕಾಯಿ ಸುಲಿಯುತ್ತಾ ಎಲ್ಲವನ್ನೂ ಕೇಳಿಸಿಕೊಂಡರು.

"ಹಾಗಾದ್ರೆ ಕೊಕ್ಕರೆ ಎಷ್ಟು ವರ್ಷ ಬದುಕುತ್ತೋ?"

ಕೊಕ್ಕರೆಯ ವಿಚಾರ ಪತ್ರಿಕೆಯಲ್ಲಿ ಬಂದಿರಲಿಲ್ಲ. ಭಾವ ಕಾಲು ಇಳಿಸಿದರು.

ಆಕಳಿಕೆ

ಆಕಳಿಕೆ ಒಬ್ಬರಿಂದ ಒಬ್ಬರಿಗೆ ಅಂಟುತ್ತದೆ, ಕೆಲವು ಪ್ರಾಣಿಗಳಿಗೂ ಅಂಟುತ್ತದೆ ಎಂಬ ಸುದ್ದಿ ಬಂದ ವಾರ ನಾವೆಲ್ಲ ತ್ಯಾವರೆಕೊಪ್ಪದ ಸಿಂಹಧಾಮಕ್ಕೆ ಹೋಗಬೇಕಾಯಿತು. ಪ್ರಯೋಗಕ್ಕೆ ನಾಯಿ ಸಾಕಾಗುತ್ತಿತ್ತು. ಆದರೆ ನಾಯಿಯ ಸಾಕ್ಷ್ಯವನ್ನು ಅಮ್ಮ ಒಪ್ಪುವುದಿಲ್ಲ ಎಂದರು ಭಾವ.

ಸಫಾರಿ ವ್ಯಾನು ಸಿಂಹದ ಹತ್ತಿರ ನಿಂತಿತು. ಸಿಂಹ ಮರದ ಕೆಳಗೆ ಮಲಗಿತ್ತು. ಭಾವ ಕಿಟಕಿಯ ಜಾಲರಿಗೆ ಮುಖವೊತ್ತಿ ದೊಡ್ಡದಾಗಿ ಆಕಳಿಸಿದರು. ಸಿಂಹ ಅತ್ತ ತಿರುಗಿಕೊಂಡಿತು. ಅವರು ಮತ್ತೆ ಆಕಳಿಸಿದರು. ಪಕ್ಕದಲ್ಲಿದ್ದ ನಾನು ಆಕಳಿಸಿದೆ. ಹಿಂದಿನ ಸೀಟಿನ ದಾವಣಗೆರೆಯ ಕುಟುಂಬ ಅಜ್ಜನಿಂದ ಮೊಮ್ಮಗಳವರೆಗೆ ಸಾಲಾಗಿ ಆಕಳಿಸಿತು. ಕೊನೆಗೆ ಡ್ರೈವರೂ ಆಕಳಿಸಿ, ಕಣ್ಣು ಒರೆಸಿಕೊಂಡು ಹೇಳಿದ: "ಸರ್, ದಯವಿಟ್ಟು ನಿಲ್ಸಿ. ನಂಗೆ ನಿದ್ದೆ ಬಂದ್ರೆ ಇಲ್ಲಿ ಇಳಿದು ಟೀ ಕುಡಿಯೋಕಾಗಲ್ಲ."

ವ್ಯಾನು ಹೊರಡುವ ಹೊತ್ತಿಗೆ ಸಿಂಹ ಬಾಯಿ ತೆರೆಯಿತು. ನಿಜವಾದ, ಪೂರ್ಣ ಪ್ರಮಾಣದ ಆಕಳಿಕೆ.

"ಅಮ್ಮಾ, ನೋಡ್ದ್ಯಾ? ನೋಡ್ದ್ಯಾ?"

"ನಂಗೆ ಕಂಡಿದ್ದು ಹಳದಿ ಬಣ್ಣ ಅಷ್ಟೆ" ಎಂದರು ಅತ್ತೆ. "ಆಕಳಿಸ್ತಾ? ಪಾಪ, ಅದಕ್ಕೂ ಪೇಪರ್ ಓದಿ ಹೇಳಿದ್ಯೇನೋ?"

ನೆರಳಿಲ್ಲದ ಮಧ್ಯಾಹ್ನ

ಇಂಥ ದಿನ ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ನೆಟ್ಟಗೆ ಬಂದು, ನೆಟ್ಟಗೆ ನಿಂತ ವಸ್ತುವಿನ ನೆರಳು ಕಾಣೆಯಾಗುತ್ತದೆ ಎಂದು ಪತ್ರಿಕೆ ಬರೆದಿತ್ತು. ಈ ದಿನ ಬೆಂಗಳೂರಿಗೆ, ಬೇರೆ ಊರುಗಳಿಗೆ ಬೇರೆ ದಿನ ಎಂದು ಕೊನೆಯ ಸಾಲಿನಲ್ಲಿತ್ತು. ಭಾವ ಕೊನೆಯ ಸಾಲು ಓದುವವರಲ್ಲ.

ತಾರಸಿಗೆ ಹೋದೆವು. ಕಾಲು ಸುಡುತ್ತಿತ್ತು. ಅತ್ತೆಯನ್ನು ನೀರಿನ ಟ್ಯಾಂಕಿನ ಪಕ್ಕ ಕುರ್ಚಿ ಹಾಕಿ ಕೂರಿಸಿದೆವು. ಭಾವ ನಡುವೆ ನಿಂತು ಕೈಗಳನ್ನು ಮೈಗಂಟಿಸಿ ಕೆಳಗೆ ನೋಡಿದರು.

"ಇಲ್ಲ! ನೆರಳಿಲ್ಲ!"

ಭಾವನ ನೆರಳು ಅವರ ಪಾದದ ಮುಂದೆಯೇ, ಒಂದು ದೋಸೆಯಷ್ಟು ಬಿದ್ದಿತ್ತು. ಅದು ಅವರಿಗೆ ಕಾಣದಂತೆ ಹೊಟ್ಟೆ ಅಡ್ಡ ಬಂದಿತ್ತು. ಒಬ್ಬ ಮನುಷ್ಯ ಅಷ್ಟು ಸಂತೋಷವಾಗಿರುವಾಗ ಭೂಗೋಳ ಹೇಳುವುದು ಸರಿಯಲ್ಲ.

"ಅಮ್ಮಾ, ನಿಂಗೆ ನನ್ನ ನೆರಳು ಕಾಣ್ತಾ?"

"ಇಲ್ಲಪ್ಪ."

"ನೋಡಿದ್ರಾ ಮಾರಾಯ್ರೆ! ಅಮ್ಮನೇ ಒಪ್ಪಿದ್ರು!" ಎಂದು ಭಾವ ನನ್ನ ಕೈ ಕುಲುಕಿದರು.

"ನಂಗೆ ಯಾರ ನೆರಳೂ ಕಾಣಲ್ಲ" ಎಂದರು ಅತ್ತೆ. "ನಂಗೆ ವರ್ಷವಿಡೀ ಹೀಗೇ."

ಒನಕೆ

ಇನ್ನು ಆ ಬುಧವಾರದ ಸಂಗತಿ. ಮೊದಲಿಗೆ ಹೇಳಿದ ಕಟ್ಟೆಚ್ಚರ ಇದೇ ದಿನದ್ದು.

ಗ್ರಹಣದ ದಿನ ತಟ್ಟೆಯಲ್ಲಿ ನೀರು ಹಾಕಿ ಅದರಲ್ಲಿ ಒನಕೆ ನಿಲ್ಲಿಸುವುದು ಅತ್ತೆಯ ಪದ್ಧತಿ. ಒನಕೆ ನಿಂತಿದ್ದರೆ ಗ್ರಹಣ ಹಿಡಿದಿದೆ, ಬಿದ್ದರೆ ಬಿಟ್ಟಿದೆ. ಅಲ್ಲಿಯವರೆಗೆ ಒಲೆ ಹಚ್ಚುವಂತಿಲ್ಲ, ಊಟವಿಲ್ಲ. ಭತ್ತ ಕುಟ್ಟುವುದು ನಿಂತು ಎಷ್ಟೋ ಕಾಲವಾಗಿ, ಮದುವೆ ಮನೆಯ ಪೂಜೆ ಬಿಟ್ಟರೆ ನಮ್ಮ ಒನಕೆಗೆ ಇದೊಂದೇ ಉದ್ಯೋಗ.

ಭಾವ ತಂದ ಪತ್ರಿಕೆಯಲ್ಲಿ, ಒನಕೆಯ ತಳ ಸಮತಟ್ಟಾಗಿದ್ದರೆ ಅದು ಯಾವ ದಿನವಾದರೂ ನಿಲ್ಲುತ್ತದೆ, ತಾಳ್ಮೆ ಬೇಕಷ್ಟೆ ಎಂದಿತ್ತು.

"ಇವತ್ತು ಗ್ರಹಣ ಇಲ್ಲ ಅಲ್ವಾ ಅಮ್ಮ? ಇವತ್ತೇ ನಿಲ್ಲಿಸ್ತೀನಿ. ನಿಂತ್ರೆ ಕಣ್ಣು ಮಾಡಿಸ್ಕೊಳ್ತೀಯಾ?"

"ನಿಲ್ಲಿಸು, ನೋಡೋಣ."

ಅಡುಗೆಮನೆಯಲ್ಲಿ ಕೆಸುವಿನೆಲೆಯ ಪತ್ರೊಡೆ ಸುತ್ತಿಟ್ಟಾಗಿತ್ತು, ಹಬೆಗೆ ಇಡುವುದಷ್ಟೇ ಬಾಕಿ. ಪತ್ರೊಡೆ ಎಂದರೆ ಭಾವನಿಗೆ ಪ್ರಾಣ. ಆದರೂ ಮೊದಲು ವಿಜ್ಞಾನ ಎಂದು ನೆಲದ ಮೇಲೆ ಕೂತರು. ಒನಕೆ ಮೊದಲು ಎಡಕ್ಕೆ ಬಿತ್ತು, ಆಮೇಲೆ ಬಲಕ್ಕೆ, ಆಮೇಲೆ ನನ್ನ ಹೆಬ್ಬೆರಳಿನ ಮೇಲೆ. ತಟ್ಟೆಯ ನೀರು ಫ್ರಿಜ್ಜಿನ ಅಡಿಗೆ ಹರಿಯಿತು.

"ಅಣ್ಣಾ, ಸ್ವಲ್ಪ ಸರಿ. ಒಲೆ ಹಚ್ಬೇಕು" ಎಂದಳು ನನ್ನ ಹೆಂಡತಿ.

"ಒಂದು ನಿಮಿಷ ಮಾರಾಯ್ತಿ, ಈಗ ನಿಲ್ಲುತ್ತೆ."

ಮತ್ತೆ ಬಿತ್ತು. ಸದ್ದು ಕೇಳಿ ಕೇಳಿ ಅತ್ತೆಗೆ ತಡೆಯಲಾಗಲಿಲ್ಲ. ಗೋಡೆ ಹಿಡಿದುಕೊಂಡು ಬಂದರು. "ಹಾಗಲ್ಲವೋ ಮಾರಾಯ. ಒನಕೆ ಹಿಡಿಯೋಕೂ ಬರಲ್ಲ ನಿಂಗೆ. ಕೊಡು ಇಲ್ಲಿ."

ಕಣ್ಣಿನ ಹಂಗೇ ಇಲ್ಲದೆ, ಕೈಯ ಅಂದಾಜಿನಲ್ಲಿ ಒನಕೆಯನ್ನು ತಟ್ಟೆಯ ನಡುವೆ ಇಟ್ಟರು. ಒಮ್ಮೆ ಇತ್ತ, ಒಮ್ಮೆ ಅತ್ತ ಸರಿಮಾಡಿ ಕೈ ಬಿಟ್ಟರು. ಒನಕೆ ನಿಂತಿತು.

ಭಾವ ಕೂತಲ್ಲೇ ಎರಡೂ ಕೈ ಹಿಂದೆ ಸರಿಸಿಕೊಂಡರು.

"ನಿಂತೇಬಿಡ್ತು!" ಎಂದು ಭಾವ ಪಿಸುಗುಟ್ಟಿದರು. "ಅಮ್ಮಾ, ನಿಂತಿದೆ! ಗ್ರಹಣ ಇಲ್ಲದೆ ನಿಂತಿದೆ!"

ಅತ್ತೆ ಒನಕೆಯನ್ನು ಬೆರಳ ತುದಿಯಿಂದ ಮುಟ್ಟಿ ನೋಡಿದರು. ನಿಂತಿರುವುದು ನಿಜವಾಗಿತ್ತು.

"ಹಾಗಾದ್ರೆ ಎಲ್ಲೋ ಗ್ರಹಣ ಹಿಡಿದಿದೆ. ನಿಮ್ಮ ಪೇಪರಿನೋರಿಗೆ ಇನ್ನೂ ಗೊತ್ತಾಗಿಲ್ಲ." ಮಗಳ ಕಡೆ ತಿರುಗಿದರು. "ಒಲೆ ಹಚ್ಚಬೇಡ ಕಣೆ. ಮೊಸರಿಗೆ ದರ್ಭೆ ಹಾಕು. ಒನಕೆಯನ್ನ ಯಾರೂ ಮುಟ್ಟಬೇಡಿ, ಬಿಡೋವಾಗ ತಾನೇ ಬೀಳುತ್ತೆ."

ಗಂಟೆ ಒಂದಾಯಿತು. ಎರಡಾಯಿತು. ಕೆಡವಿದರೆ ಸಾಕ್ಷ್ಯ ಹೋಗುತ್ತದೆ, ಬಿಟ್ಟರೆ ಪತ್ರೊಡೆ ಹೋಗುತ್ತದೆ. ಬೆಳಿಗ್ಗೆಯಿಂದ ಒನಕೆ ನಿಲ್ಲಲಿ ಎಂದು ಹೆಣಗಿದ ಭಾವ ಈಗ ಅದು ಬೀಳಲಿ ಎಂದು ಕಣ್ಣು ಮುಚ್ಚಿ ಬೇಡಿಕೊಳ್ಳುತ್ತಿದ್ದರು. ಯಾರನ್ನು ಎಂದು ನಾನು ಕೇಳಲಿಲ್ಲ.

ಕೊನೆಗೆ ಅವರು ದೇವರ ಮನೆಯಿಂದ ಪಂಚಾಂಗ ತಂದರು. ವಿಜ್ಞಾನಕ್ಕೆ ಆ ಮನೆಯಲ್ಲಿ ಬೇರೆ ಆಧಾರ ಉಳಿದಿರಲಿಲ್ಲ. "ಅಮ್ಮಾ, ನಿನ್ನ ಪಂಚಾಂಗದಲ್ಲೇ ಇದೆ ನೋಡು. ಇವತ್ತು ಗ್ರಹಣ ಇಲ್ಲ."

"ಓದೋನು ನೀನು. ಹಸಿವಾದ್ರೆ ಏನು ಬೇಕಾದ್ರೂ ಓದ್ತೀಯ."

"ಹಾಗಾದ್ರೆ ತಂಗಿ ಓದ್ಲಿ."

"ಅವಳು ನಿನ್ನ ತಂಗಿ."

ನಾನು ಗಂಟಲು ಸರಿಮಾಡಿಕೊಂಡು ಕೈ ಚಾಚಿದೆ.

"ನಿಮಗ್ಯಾಕೆ ತೊಂದ್ರೆ ಅಳಿಯಂದ್ರೆ" ಎಂದರು ಅತ್ತೆ ತುಂಬ ಗೌರವದಿಂದ. "ನೀವು ಪೇಪರಿಗೆ ಬರೆಯೋರು."

ಚರ್ಚೆ ಅಲ್ಲಿಗೆ ಮುಗಿಯಿತು.

"ನಾನೇ ಕಣ್ಣಾರೆ ನೋಡ್ಬೇಕು" ಎಂದರು ಅತ್ತೆ.

"ಹಾಗಾದ್ರೆ ಕಣ್ಣು ಮಾಡಿಸ್ಕೊಂಡು ನೋಡು" ಎಂದಳು ನನ್ನ ಹೆಂಡತಿ. ಅವಳಿಗೂ ಹಸಿವಾಗಿತ್ತು.

ಅತ್ತೆ ತಲೆಯಾಡಿಸಿದರು. "ಮಾಡಿಸ್ಕೊಳ್ತೀನಿ. ಇವನ ಸೈನ್ಸಿಗೋಸ್ಕರ ಅಲ್ಲ, ಪಂಚಾಂಗ ನೋಡೋಕೆ. ಗ್ರಹಣ ಇಲ್ದೆ ನನ್ನ ಒನಕೆ ನಿಲ್ಲಲ್ಲ, ಅದನ್ನ ಅಚ್ಚಿನಲ್ಲೇ ತೋರಿಸ್ತೀನಿ ಇವನಿಗೆ."

ಅಷ್ಟರಲ್ಲಿ ಮನೆಯ ಮುಂದೆ ಜಲ್ಲಿ ತುಂಬಿದ ಲಾರಿಯೊಂದು ಹೋಯಿತು. ಕಿಟಕಿಯ ಗಾಜು ಗಡಗಡ ಎಂದಿತು. ಒನಕೆ ಬಿತ್ತು. ಭಾವ ನೇರವಾಗಿ ಪತ್ರೊಡೆಯ ಕಡೆ ನಡೆದರು.

"ಎಲ್ಲಿಗೆ?" ಎಂದರು ಅತ್ತೆ. "ಗ್ರಹಣ ಬಿಟ್ಟಿದೆ. ಮೊದಲು ಸ್ನಾನ ಮಾಡಿ ಬಾ."

ಭಾವ ಸ್ನಾನ ಮಾಡಿ ಬಂದರು.

ಬಲಗಣ್ಣಿನ ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು. ಓದಬಹುದು ಎಂದು ಡಾಕ್ಟರು ಹೇಳಿದ ದಿನವೇ ಅತ್ತೆ ಪಂಚಾಂಗ ತರಿಸಿಕೊಂಡು, ಆ ಬುಧವಾರದ ಪುಟವನ್ನು ತಾವೇ ಹುಡುಕಿ ತೆಗೆದು, ಎರಡು ಸಲ ಓದಿದರು. ಅದರಲ್ಲಿ ಗ್ರಹಣ ಇರಲಿಲ್ಲ.

ಈಗ ನಮ್ಮ ಮನೆಗೆ ಬೇರೆ ಪಂಚಾಂಗ ತರಿಸುತ್ತಿದ್ದೇವೆ.