ಅಂಗನವಾಡಿಯಲ್ಲಿ ಅನುಮಾನದ ಪಾಠ

ಕಟ್ಟಾಯದ ಹತ್ತಿರದ ಹಳ್ಳಿಯಲ್ಲಿ ನಾನು ಅಂಗನವಾಡಿ ಟೀಚರಾಗಿದ್ದೆ. ಮೂರು ತಿಂಗಳು ಒದ್ದಾಡಿದರೂ ಅ ಆ ಇ ಈ ಕಲಿಯದ ಮಕ್ಕಳು ದೊಡ್ಡವರ ಬುದ್ಧಿ ಮಾತ್ರ ಒಂದೇ ದಿನಕ್ಕೆ ಕಲಿತು ಬರೋವು. ಅದರಲ್ಲೂ ಅನುಮಾನ ಪಡೋದನ್ನ!

ಬಳಪದ ಡಬ್ಬಿ

ಹೊಸ ಬಳಪ ತಂದಿಟ್ಟು ಹಿಂದೆ ತಿರುಗಿದ್ದಷ್ಟೇ. ಸಂತೆಗೆ ತಾಯಿ ಜೊತೆ ಹೋಗುವ ಹುಡುಗನೊಬ್ಬ ಒಂದೊಂದನ್ನೇ ಎತ್ತಿ ಲಟಕ್ ಅಂತ ತುದಿ ಮುರಿಯುತ್ತಿದ್ದ, ಬೆಂಡೆಕಾಯಿ ನೋಡೋ ಹಂಗೆ. ನಾನು ಕಿರುಚುವ ಹೊತ್ತಿಗೆ ಡಬ್ಬಿ ಪೂರಾ ಮುಗಿದಿತ್ತು.

"ಎಲ್ಲಾ ಎಳೇವೇ ಕಣ್ ಮಿಸ್," ಅಂದ. "ತಗೋಬೋದು."

ಉಪ್ಪಿಟ್ಟು ಬೇಡ

ಒಂದು ಹುಡುಗಿ ಮೂರು ದಿನ ಉಪ್ಪಿಟ್ಟು ಮುಟ್ಟಲಿಲ್ಲ. "ಬ್ಯಾಡ ಮಿಸ್, ಈಗ್ತಾನೆ ಆಯ್ತು" ಅನ್ನೋಳು, ತಟ್ಟೆ ಕಡೆಗೇ ನೋಡೋಳು. ನಮ್ಮ ರವೆಯಲ್ಲಿ ಹುಳ ಇದೆ ಅಂತ ಅವಳ ತಾಯಿ ಹೇಳಿಕೊಟ್ಟಿರಬೇಕು ಅಂತ ಜಗಳಕ್ಕೇ ಅವರ ಮನೆಗೆ ಹೋದೆ. ತಾಯಿ ಕಾಫಿ ತಂದರು. "ಬೇಡಮ್ಮ, ಈಗ್ತಾನೆ ಆಯ್ತು" ಅಂದೆ. ಮೂರನೇ ಸಲ ಬಲವಂತ ಮಾಡಿದ ಮೇಲೆ ಲೋಟ ತಗೊಂಡೆ.

ಹುಡುಗಿ ಬಿಕ್ಕಿಬಿಕ್ಕಿ ಅತ್ತಳು. "ಮಿಸ್‌ಗೆ ಮೂರ್ ಸಲ ತಗಳಿ ಅಂತೀಯ ಕಣವ್ವ. ಮಿಸ್ ನಂಗೆ ಒಂದೇ ಸಲ ಅನ್ನೋದು!"

ಆಯಾಳ ಚೀಲ

ಬೇಳೆ ಕಡಿಮೆ ಬೀಳ್ತಿದೆ ಅಂತ ಯಾರೋ ಅರ್ಜಿ ಹಾಕಿದರು. ತಪಾಸಣೆಗೆ ಸೂಪರ್‌ವೈಸರ್ ಮೇಡಂ ಬರುವವರಿದ್ದರು. ವರದಿ ಕೆಟ್ಟರೆ ನನ್ನ ಕೆಲಸಕ್ಕೇ ಸಂಚಕಾರ. ನನ್ನ ಅನುಮಾನವೆಲ್ಲ ಅಡುಗೆ ಮಾಡುವ ಆಯಾ ಮೇಲೆ. ದಿನಾ ಅವಳು ಹೊರಡುವಾಗ ಬಾಗಿಲಿಗೆ ಅಡ್ಡ ನಿಂತು ಚೀಲ ಬಿಚ್ಚಿಸಿ ನೋಡುತ್ತಿದ್ದೆ. ಒಂದು ಕಾಳೂ ಸಿಗಲಿಲ್ಲ. ಪಾಪ, ಅವಳು ಚೀಲ ಮಡಚಿಕೊಂಡು ಹೊರಟುಬಿಡೋಳು.

ಮೇಡಂ ಬಂದರು, ಮುಖ ಗಂಟು ಹಾಕಿಕೊಂಡೇ. ಅವರು ಹಿತ್ತಲಿನ ನೀರಿನ ತೊಟ್ಟಿ ನೋಡುತ್ತಿದ್ದಾಗ, ಮನೆಗೆ ಹೋಗಿ ನೋಡಿ ಖುಷಿಪಡಲಿ ಅಂತ ಅಂಗನವಾಡಿಯದೇ ಬೇಳೆಯನ್ನು ಪೊಟ್ಟಣ ಕಟ್ಟಿ, ಒಳಗಿಟ್ಟಿದ್ದ ಅವರ ಚೀಲಕ್ಕೆ ಇಳಿಸಿಬಿಟ್ಟೆ.

ಮೇಡಂ ಹೊರಟರು ನೋಡಿ, ನಾಲ್ಕು ವರ್ಷದ ಹುಡುಗಿಯೊಬ್ಬಳು ಬಾಗಿಲಿಗೆ ಅಡ್ಡ ನಿಂತಳು. ಸೊಂಟದ ಮೇಲೆ ಕೈ, ಹುಬ್ಬು ಮೇಲೆ, ಥೇಟ್ ನನ್ನ ಹಂಗೇ.

"ಚೀಲ ತೋರ್ಸಿ ಓಗಿ."

ಮೇಡಂ ನಗುತ್ತಾ ಚೀಲ ಬಿಚ್ಚಿದರು. ಪೊಟ್ಟಣ ಕಂಡದ್ದೇ ನಗು ನಿಂತಿತು. "ಇದನ್ನ ಯಾರು ಇಟ್ಟಿದ್ದು?"

ನಾನು ಅಭ್ಯಾಸಬಲದಿಂದ ಆಯಾ ಕಡೆ ತಿರುಗಿದೆ.

ಅವಳು ತನ್ನ ಚೀಲ ಕೊಡವಿ ತೋರಿಸಿದಳು. "ನನ್ ಚೀಲ ದಿನಾ ನೋಡ್ತಿದ್ರಿ ಮಿಸ್. ಇವತ್ತೊಂದಿನ ನಿಮ್ ಕೈ ನೋಡ್ಕಳಿ, ಬೇಳೆ ದೂಳು ಅಂಗೇ ಐತೆ."