ಸೋಮವಾರಕ್ಕೊಂದು ಹೊಸ ಪುಡಿ

ಹೊಸದನ್ನು ಹುಡುಕುವ ಜಾಗದಲ್ಲಿ ನಗುವಂಥದ್ದು ತಾನಾಗಿಯೇ ಸಿಗುತ್ತಿರುತ್ತದೆ; ಹುಡುಕುತ್ತಿದ್ದದ್ದು ಮಾತ್ರ ಬೇಗ ಸಿಗುವುದಿಲ್ಲ.

ನಾನು ಓದಿದ್ದು ಆಹಾರ ವಿಜ್ಞಾನ. ಕೆಲಸ ಮೇಟಗಳ್ಳಿಯ ಒಂದು ಸಣ್ಣ ಮಸಾಲೆ ಪುಡಿ ಕಾರ್ಖಾನೆಯಲ್ಲಿ. ಸಾರಿನ ಪುಡಿ, ಹುಳಿ ಪುಡಿ, ಚಟ್ನಿ ಪುಡಿ. ಈ ಮೂರೇ ಪುಡಿಗಳ ಮೇಲೆ ಕಾರ್ಖಾನೆ ಇಪ್ಪತ್ತು ವರ್ಷ ನಡೆದಿತ್ತು. ಈಚೆಗೆ ಮಾರಾಟ ಇಳಿಯತೊಡಗಿತು. ನಮ್ಮ ಅರ್ಧ ಸರಕು ಕೊಳ್ಳುತ್ತಿದ್ದ ದೊಡ್ಡ ಅಂಗಡಿಯವರು, "ಹೊಸದೇನಾದರೂ ತನ್ನಿ, ಇಲ್ಲದಿದ್ದರೆ ನಿಮ್ಮ ಶೆಲ್ಫ್ ಬೇರೆಯವರಿಗೆ" ಎಂದುಬಿಟ್ಟರು. ಆಗಲೇ ಯಜಮಾನರು ನನ್ನನ್ನು ಸೇರಿಸಿಕೊಂಡದ್ದು.

"ಆರು ತಿಂಗಳು ಕಣಮ್ಮ. ಅಷ್ಟರಲ್ಲಿ ಅವರು ಒಪ್ಪೋ ಅಂಥದ್ದು ಒಂದು ಮಾಡು. ಇಲ್ಲಾಂದ್ರೆ ನೀನೂ ಮನೆಗೆ, ನಾನೂ ಮನೆಗೆ."

ಉಗ್ರಾಣದ ಪಕ್ಕ ಒಂದು ಮೇಜು, ಒಂದು ತಕ್ಕಡಿ, ಒಂದು ಗ್ಯಾಸ್ ಒಲೆ ಕೊಟ್ಟರು. ಮೇಲೆ ‘ಸಂಶೋಧನಾ ವಿಭಾಗ’ ಎಂದು ಬೋರ್ಡು. ಆ ಬೋರ್ಡಿನ ಫೋಟೋ ತೆಗೆದು ಊರಿಗೆಲ್ಲ ಕಳಿಸಿದೆ.

೧. ಐಡಿಯಾ ಡಬ್ಬ

ಹೊಸದು ಒಬ್ಬರ ತಲೆಯಿಂದ ಬರುವುದಲ್ಲ ಎಂದು ಯಜಮಾನರು ಎಲ್ಲೋ ಕೇಳಿಕೊಂಡು ಬಂದರು. ಮರುದಿನವೇ ಬಾಗಿಲ ಬಳಿ ಒಂದು ಡಬ್ಬ. ಎಲ್ಲರೂ ವಾರಕ್ಕೊಂದು ಐಡಿಯಾ ಬರೆದು ಹಾಕಬೇಕು, ಸೋಮವಾರ ತೆರೆಯುವುದು.

ಮೊದಲ ಸೋಮವಾರ ಹದಿನಾಲ್ಕು ಚೀಟಿ. ಆಸೆಯಿಂದ ವಿಂಗಡಿಸಿದೆ. ಹನ್ನೆರಡರಲ್ಲಿ ‘ಫ್ಯಾನ್ ರಿಪೇರಿ ಮಾಡಿಸಿ’. ಒಂದರಲ್ಲಿ ‘ಸಾರಿನ ಪುಡಿ ಚೆನ್ನಾಗಿದೆ, ಮುಟ್ಟಬೇಡಿ’. ಕೊನೆಯದು ಖಾಲಿ. ಅದು ವಾಚ್‌ಮನ್ ಹಾಕಿದ್ದು.

"ಏನೂ ಬರೆದೇ ಇಲ್ವಲ್ಲಪ್ಪ?" ಎಂದರು ಯಜಮಾನರು.

"ಇನ್ನೂ ಯೋಚ್ನೆ ಮಾಡ್ತಾ ಇವ್ನಿ ಸಾರ್. ಸದ್ಯಕ್ಕೆ ಜಾಗ ಹಿಡಿದಿಟ್ಟಿವ್ನಿ."

ಫ್ಯಾನ್ ರಿಪೇರಿ ಆಯಿತು. ಮುಂದಿನ ಸೋಮವಾರ ಡಬ್ಬ ತೆರೆದೆವು. ಹನ್ನೆರಡು ಚೀಟಿಗಳಲ್ಲಿ ‘ಪುಡಿಯೆಲ್ಲ ಹಾರ್ತದೆ, ಫ್ಯಾನ್ ಆಫ್ ಮಾಡಿಸಿ’.

ಯಜಮಾನರ ಮುಖ ಅರಳಿತು. "ನೋಡಿದ್ಯಾ? ಒಂದೇ ವಾರಕ್ಕೆ ಯೋಚನೆ ಎಷ್ಟು ಬದಲಾಯಿತು!"

೨. ಹತ್ತಕ್ಕೆ ಹತ್ತು

ಬಿಸಿಬೇಳೆಬಾತ್ ಪುಡಿಯ ಮೂರು ಮಾದರಿ ಮಾಡಿದೆ. ಎ, ಬಿ, ಸಿ ಎಂದು ಗುರುತು. ಯಾವುದು ಯಾವುದೆಂದು ನನ್ನ ಬಿಟ್ಟು ಯಾರಿಗೂ ಗೊತ್ತಿಲ್ಲ. ಮೂರರಲ್ಲೂ ಬಾತ್ ಮಾಡಿ ಕಾರ್ಖಾನೆಯ ಹನ್ನೆರಡು ಹೆಂಗಸರಿಗೆ ಬಡಿಸಿ, ಹತ್ತಕ್ಕೆ ಎಷ್ಟು ಅಂಕವೆಂದು ಬರೆಯಿರಿ ಎಂದೆ.

ಮೂರಕ್ಕೂ ಎಲ್ಲರೂ ಹತ್ತಕ್ಕೆ ಹತ್ತು. ಸಿ ಮಾದರಿಗೆ ನಾನು ಉಪ್ಪೇ ಹಾಕಿರಲಿಲ್ಲ; ಪರೀಕ್ಷೆಗೆಂದು ಬೇಕಂತಲೇ ಬಿಟ್ಟಿದ್ದೆ.

ಮಸಾಲೆ ಹುರಿಯುವ ಹಿರಿಯ ಅಕ್ಕನನ್ನು ಕೇಳಿದೆ. "ಅಕ್ಕ, ಉಪ್ಪಿಲ್ಲ ಅಂತ ಗೊತ್ತಾಗ್ಲಿಲ್ವಾ?"

"ಗೊತ್ತಾಗ್ದೆ ಏನವ್ವ? ಮಾಡಿ ಬಡಿಸ್ದೋಳು ಎದುರ್ಗೇ ನಿಂತವಳೆ. ಉಣ್ಣೋ ಅನ್ನುಕ್ಕೆ ಎಂಗೆ ನಂಬರ್ ಕಮ್ಮಿ ಕೊಡಾದು?"

ಅಂಕ ಕೇಳುವುದನ್ನೇ ಬಿಟ್ಟೆ. ಮೂರು ಪಾತ್ರೆ ಇಟ್ಟು, ಯಾರು ಯಾವುದನ್ನು ಎರಡನೇ ಸಲ ಹಾಕಿಸಿಕೊಳ್ಳುತ್ತಾರೆಂದು ದೂರದಿಂದ ಎಣಿಸಿದೆ. ಬಾಯಿ ಸುಳ್ಳು ಹೇಳಬಹುದು, ತಟ್ಟೆ ಹೇಳುವುದಿಲ್ಲ. ಬಿ ಪಾತ್ರೆಗೆ ಹನ್ನೆರಡಕ್ಕೆ ಹನ್ನೊಂದು ಜನ! ಕುಣಿಯುತ್ತ ಯಜಮಾನರಿಗೆ ಫೋನ್ ಮಾಡಿದೆ. ಫೋನ್ ಇಟ್ಟು ಹತ್ತಿರ ಹೋಗಿ ನೋಡಿದರೆ, ಹಪ್ಪಳದ ಡಬ್ಬ ಇದ್ದದ್ದು ಬಿ ಪಾತ್ರೆಯ ಪಕ್ಕದಲ್ಲಿ.

೩. ಐದೇ ನಿಮಿಷ

ಹಪ್ಪಳವಿಲ್ಲದೆ ಗೆದ್ದ ಮಾದರಿಯನ್ನು ತೆಗೆದುಕೊಂಡು ಜಯಲಕ್ಷ್ಮಿಪುರಂನ ಒಂದು ಅಂಗಡಿಯ ಮುಂದೆ ಮೇಜು ಹಾಕಿದೆ. ‘ಐದೇ ನಿಮಿಷದಲ್ಲಿ ಬಿಸಿಬೇಳೆಬಾತ್’ ಎಂದು ಬ್ಯಾನರ್. ಈ ಸಲ ಬರೀ ಪುಡಿಯಲ್ಲ; ಬೇಯಿಸಿ ಒಣಗಿಸಿದ ಅನ್ನ, ಬೇಳೆ, ಒಗ್ಗರಣೆ ಎಲ್ಲ ಪೊಟ್ಟಣದಲ್ಲೇ. ಬಿಸಿನೀರು ಹುಯ್ದರೆ ಮುಗಿಯಿತು. ತಿಂದವರೆಲ್ಲ ಹೊಗಳಿದರು. ಪೊಟ್ಟಣ ಮಾತ್ರ ಯಾರೂ ಮುಟ್ಟಲಿಲ್ಲ.

ಒಬ್ಬ ಗೃಹಿಣಿ ಕೊನೆಗೆ ನನ್ನನ್ನು ಪಕ್ಕಕ್ಕೆ ಕರೆದರು.

"ರುಚಿ ಚೆನ್ನಾಗಿದೆ ಕಣ್ರೀ. ಆದ್ರೆ ಐದು ನಿಮಿಷಕ್ಕೆ ಅಡುಗೆಮನೆಯಿಂದ ಆಚೆ ಬಂದ್ರೆ ನಮ್ಮತ್ತೆ ನಂಬ್ತಾರಾ? ಒಂದು ಅರ್ಧ ಗಂಟೆ ಹಿಡಿಯೋ ಹಾಗೆ ಮಾಡೋಕಾಗಲ್ವಾ?"

"ಆಗುತ್ತೆ. ಆ ಅರ್ಧ ಗಂಟೆ ನೀವೇನು ಮಾಡ್ತೀರಿ?"

"ಫೋನ್ ನೋಡ್ತೀನಿ. ಮಧ್ಯೆ ಮಧ್ಯೆ ಸೌಟಿನ ಸದ್ದು ಮಾಡ್ತೀನಿ."

೪. ಹದಿನೇಳನೇ ಪ್ರಯೋಗ

ಆ ಗೃಹಿಣಿಯ ಮಾತು ನನಗೆ ದಾರಿ ತೋರಿಸಿತು. ಎಲ್ಲವನ್ನೂ ನಾವೇ ಮಾಡಿಕೊಡಬಾರದು, ಮನೆಯವರಿಗೂ ಸ್ವಲ್ಪ ಕೆಲಸ ಉಳಿಸಬೇಕು. ಹಾಗೆ ಹುಟ್ಟಿದ್ದು ಬಸ್ಸಾರಿನ ಪೊಟ್ಟಣ. ಸೊಪ್ಪು ಕಾಳು ಅವರೇ ಬೇಯಿಸಿ ಬಸಿಯಬೇಕು. ಬಸಿದ ನೀರಿಗೆ ನಮ್ಮ ಪುಡಿ ಹಾಕಿ ಕುದಿಸಿದರೆ ಸಾರು. ಹದಿನಾರು ಸಲ ಕೆಟ್ಟಿತು. ಹದಿನೇಳನೆಯದು ಹದಕ್ಕೆ ಬಂತು. ಅಷ್ಟರಲ್ಲಿ ಆರನೇ ತಿಂಗಳು ಬಂದಿತ್ತು.

ದೊಡ್ಡ ಅಂಗಡಿಯ ಖರೀದಿ ಮ್ಯಾನೇಜರ್ ಸೋಮವಾರ ಹನ್ನೊಂದಕ್ಕೆ ಬಂದರು. ಹುರಿಯುವ ಅಕ್ಕನ ಕೈಗೆ ಪೊಟ್ಟಣ ಕೊಟ್ಟು, ಮಾಡುವ ವಿಧಾನವನ್ನು ಹತ್ತು ಹಂತಗಳಲ್ಲಿ ಬರೆದುಕೊಟ್ಟು, ನಾನು ಆಫೀಸಿನಲ್ಲಿ ಮ್ಯಾನೇಜರರಿಗೆ ವಿವರಣೆ ಕೊಡುತ್ತ ಕುಳಿತೆ.

ಎಲೆ ಹಾಕಿದರು. ಮುದ್ದೆ ಬಂತು, ಬಸ್ಸಾರು ಬಂತು. ಮ್ಯಾನೇಜರ್ ಒಂದು ತುತ್ತು ನುಂಗಿ ಕಣ್ಣು ಮುಚ್ಚಿದರು. ಎರಡನೇ ಸಲ ಹಾಕಿಸಿಕೊಂಡರು. ಮೂರನೇ ಸಲವೂ!

"ಇದು ಪೊಟ್ಟಣದ್ದು ಅಂದ್ರೆ ಯಾರೂ ನಂಬಲ್ಲ ಕಣ್ರೀ. ಆರ್ಡರ್ ಬರ್ಕೊಳಿ" ಎಂದರು. ಯಜಮಾನರು ಕಣ್ಣೊರೆಸಿಕೊಂಡರು.

ಅಕ್ಕನನ್ನು ಅಪ್ಪಿಕೊಳ್ಳಲು ಅಡುಗೆ ಜಾಗಕ್ಕೆ ಓಡಿದೆ. ಒಲೆಯ ಪಕ್ಕ ನನ್ನ ಪೊಟ್ಟಣವಿತ್ತು. ಸೀಲ್ ಒಡೆದಿರಲಿಲ್ಲ.

"ಅಕ್ಕ! ಇದನ್ನ ಹಾಕ್ಲಿಲ್ವಾ?"

"ಬುಡವ್ವ, ದೊಡ್ ಮನುಷ್ರು ಬಂದವ್ರೆ. ನೆಂಟ್ರಂಗೆ ಬಂದೋರ್ಗೆ ಪೊಟ್ಣುದ್ದು ಬಡಿಸ್ತಾರಾ? ನಮ್ಗೇನ್ ಮಾನ ಮರ್ವಾದೆ ಇಲ್ವಾ? ಮನೆಯಿಂದ್ಲೇ ಸೊಪ್ಪು ತಂದು, ಖಾರ ರುಬ್ಬಿ ಮಾಡ್ದೆ."

ನನ್ನ ಹಿಂದೆಯೇ ಬಂದ ಯಜಮಾನರು ಸುಮ್ಮನಿರು ಎಂದು ಸನ್ನೆ ಮಾಡಿದರು. ಸುಮ್ಮನಿರಲು ಆಗಲಿಲ್ಲ. ಮಾದರಿಯೇ ಬದಲಾದ ಮೇಲೆ ಫಲಿತಾಂಶ ನಮ್ಮದಲ್ಲ. ಮ್ಯಾನೇಜರ್ ಮುಂದೆ ಹೋಗಿ ಹೇಳಿಬಿಟ್ಟೆ.

ಅವರು ಎಲೆ ನೋಡಿದರು, ನನ್ನನ್ನು ನೋಡಿದರು. "ಪೊಟ್ಟಣದ್ದು ಮಾಡಿ ತನ್ನಿ" ಎಂದರು.

ಬಸಿದ ನೀರು ಉಳಿದಿತ್ತು. ಉಳಿದ ಹಂತಗಳಿಗೆ ಹನ್ನೆರಡು ನಿಮಿಷ. ಬಟ್ಟಲಿಗೆ ಹಾಕಿ ಕೊಟ್ಟೆ. ಉಂಡರು. "ಅಕ್ಕ ಮಾಡಿದಷ್ಟು ಇಲ್ಲ" ಎಂದರು. ಯಜಮಾನರು ಗೋಡೆ ಹಿಡಿದುಕೊಂಡರು. "ಆದ್ರೆ ನಮ್ಮನೇಲಿ ನಾನು ಮಾಡೋದಕ್ಕಿಂತ ಎಷ್ಟೋ ಚೆನ್ನಾಗಿದೆ" ಎಂದು ಸೇರಿಸಿದರು. ಆಮೇಲೆ ಅಕ್ಕನ ಕಡೆ ತಿರುಗಿದರು.

"ನೀವೇ ನೆಂಟರಿಗೆ ಹಾಕಲ್ಲ ಅಂದ್ರೆ, ಇದನ್ನ ಇನ್ಯಾರು ತಗೋತಾರಮ್ಮ?"

"ದಿನಾ ನೆಂಟ್ರು ಬತ್ತಾರಾ ಸಾಮಿ? ನೆಂಟ್ರು ಬರ್ದಿದ್ ದಿನ ನಾವೂ ಉಣ್ಬೇಕಲ್ವಾ? ಅವತ್ಗೆ ಇದು."

ಮ್ಯಾನೇಜರ್ ಜೋರಾಗಿ ನಕ್ಕರು. "ಇದನ್ನೇ ಪೊಟ್ಟಣದ ಮೇಲೆ ಹಾಕಿಸಿ, ಆರ್ಡರ್ ಖಾಯಂ."

‘ನೆಂಟರು ಬರದ ದಿನಕ್ಕೆ’ ಎಂದೇ ಅಚ್ಚಾಯಿತು. ಮೊದಲ ಕಂತು ವಾರದಲ್ಲೇ ಖಾಲಿ. ಶೆಲ್ಫ್ ಉಳಿಯಿತು, ನನ್ನ ಕೆಲಸವೂ. ಅದಾದ ಸೋಮವಾರ ಯಜಮಾನರು ಎಲ್ಲರೆದುರು ನನ್ನ ಕೈಗೆ ಖಾಯಂ ನೇಮಕದ ಪತ್ರ ಕೊಟ್ಟರು. ಚಪ್ಪಾಳೆ ಇನ್ನೂ ನಿಂತಿರಲಿಲ್ಲ, ಆಗಲೇ ಕೇಳಿದರು: "ಸರಿ ಕಣಮ್ಮ, ನೆಂಟರು ಬರೋ ದಿನಕ್ಕೆ ಏನು ಮಾಡ್ತೀಯ?"

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಬಾಣಲೆಯಿಂದ ತಲೆ ಎತ್ತದೆ ಹೇಳಿದರು: "ಅದುಕ್ಕೆ ನಾನಿಲ್ವಾ?"

ಯಜಮಾನರು ಅಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದರು:

"ಇವರನ್ನ ಪೊಟ್ಟಣಕ್ಕೆ ತುಂಬೋದು ಹೇಗೆ, ಅದನ್ನ ನೋಡು."